ಎರಡು ರೂಪಾಯಿ ಶುಲ್ಕದ ದಾನಿ

ಸ್ನೇಹಿತರೇ, ಇವತ್ತು ಆದದ್ದನ್ನು ನನಗೆ ಇನ್ನೂ ನಂಬಲಾಗುತ್ತಿಲ್ಲ.

ಸವಣೂರಿನ ನನ್ನ ಗೆಳತಿ ಸಾವಿತ್ರಿಯ ಹೊಲಿಗೆ ಮಷಿನ್ ಕೆಟ್ಟಿದೆ. ನಾನು ಕೊಟ್ಟರೆ ತೆಗೆದುಕೊಳ್ಳುವವಳಲ್ಲ. ನಾವಿಬ್ಬರೂ ಹೊರದೇಶಕ್ಕೆ ಕಸೂತಿ ಮಾರುತ್ತೇವೆ. ಹಣ ಬರುವುದು ಗುಟ್ಟು ಕಾಯುವ ಒಂದು ಬ್ಲಾಕ್‌ಚೈನ್‌ನಲ್ಲಿ, ಅಂದರೆ ಬ್ಯಾಂಕಿಲ್ಲದೆ ಆನ್‌ಲೈನ್‌ನಲ್ಲೇ ಹಣ ಸಾಗಿಸುವ ಜಾಲದಲ್ಲಿ. ಅಲ್ಲಿ ಕಳಿಸಿದವರ ಹೆಸರು ಕಾಣುವುದಿಲ್ಲ. ಇದೇ ಸರಿಯೆಂದು ಅಕ್ಕಿಆಲೂರಿನ ಮೊಬೈಲ್ ಅಂಗಡಿಯಲ್ಲಿ ಕುಳಿತು, ಇದ್ದುದೆಲ್ಲವನ್ನೂ ಅವಳಿಗೆ ಹಾಕಿದೆ. ಕಳಿಸಲು ಆ ಜಾಲಕ್ಕೆ ಕಟ್ಟಬೇಕಾದ ಶುಲ್ಕಕ್ಕೆ ಏನೂ ಉಳಿಯಲಿಲ್ಲ.

ಶುಲ್ಕವನ್ನು ಗುಟ್ಟಾಗಿಯೂ ಕೊಡಬಹುದು, ಎಲ್ಲರಿಗೂ ಕಾಣುವ ಖಾತೆಯಿಂದಲೂ ಕೊಡಬಹುದು, ನಮ್ಮ ಪರವಾಗಿ ಬೇರೆಯವರೂ ಕೊಡಬಹುದು. ನಮ್ಮಿಬ್ಬರಿಗೂ ಇದನ್ನೆಲ್ಲ ಕಲಿಸಿಕೊಟ್ಟ ಅಂಗಡಿಯ ಮೆಹಬೂಬ, ಚಹಾದ ರೊಕ್ಕ ಕೊಡಲು ಮುಂದಾಗುವವನ ಹಾಗೆ, "ಇರ್ಲಿ ಬಿಡ್ರೀ ಅಕ್ಕಾರ, ಎರಡ ರೂಪಾಯಿ, ನಾ ಕೊಡ್ತೇನಿ" ಎಂದು ತನ್ನ ಕಾಣುವ ಖಾತೆಯಿಂದಲೇ ಕೊಟ್ಟುಬಿಟ್ಟ.

ಹತ್ತು ನಿಮಿಷದಲ್ಲಿ ಸಾವಿತ್ರಿ ಅವನಿಗೆ ಫೋನ್ ಮಾಡಿದಳು. ಅವನು ಸ್ಪೀಕರ್ ಹಾಕಿದ. "ರೊಕ್ಕ ಯಾರ್ದಂತ ಇಲ್ಲ, ಖರೆ ಫೀ ಮುಂದ ನಿಮ್ಮ ಖಾತೆ ಐತಲ್ರೀ ಅಣ್ಣಾ. ಒಡಹುಟ್ಟಿದವ್ರೂ ಇಷ್ಟ ಮಾಡಂಗಿಲ್ಲ" ಎಂದು ಅತ್ತಳು.

ಮೆಹಬೂಬ ನನ್ನ ಮುಖ ನೋಡಿದ. ಹೇಳಬೇಡ ಎಂದು ಕೈಯಾಡಿಸಿದೆ.

"ಇರ್ಲಿ ಬಿಡವಾ ತಂಗಿ, ಅದೇನ ದೊಡ್ಡದು" ಎಂದ.

ಆಮೇಲೆ ನನಗೂ ಫೋನ್ ಬಂತು. "ಇಷ್ಟ ವರ್ಷದ ಗೆಳತಿ ನೀ, ಮಷಿನ್ ಏನಾತು ಅಂತ ಒಮ್ಮೆರ ಕೇಳಿದೇನು? ಮೆಹಬೂಬಣ್ಣನ್ನ ನೋಡಿ ಕಲಿ."

ಸಾವಿತ್ರಿ ಈ ಜಾಲತಾಣದಲ್ಲಿ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀವ್ಯಾರೂ ಹೇಳಬೇಡಿ. ನಾಳೆ ಬಸ್ಸಿನಲ್ಲಿ ಅವನಿಗಾಗಿ ಹೋಳಿಗೆ ಡಬ್ಬಿ ಕಳಿಸುತ್ತಾಳಂತೆ. ಇಳಿಸಿಕೊಂಡು, ಬಿಸಿ ಆರುವ ಮೊದಲೇ ಅವನಿಗೆ ಮುಟ್ಟಿಸುವ ಕೆಲಸ ನನ್ನದಂತೆ.