ಚಾ ಕುಡಿಯಲು ಹೋದ ಕಲಾವಿದ

ಔರಾದಿನ ಸಾನಿಕಾ, ಭಾಲ್ಕಿಯ ಪಾಲನನ್ನು ಮೊದಲ ಸಲ ಕಂಡದ್ದು ಬೀದರಿನ ಸಮಕಾಲೀನ ಕಲಾಮೇಳದಲ್ಲಿ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೊನೆಯ ಮಳಿಗೆಯ ಪಕ್ಕ ಅವನು ಯಾರದೋ ಸಾಮಾನು ಕಾಯುವವನ ಹಾಗೆ ನಿಂತಿದ್ದ. "ಈ ಚಿತ್ರ ಬರದವ್ರು ಯಾರ್ರಿ?" ಎಂದು ಅವಳು ಕೇಳಿದ್ದಕ್ಕೆ, "ಚಾ ಕುಡಿಲಾಕ ಹೋಗ್ಯಾರ್ರಿ, ಈಗ ಬರ್ತಾರ" ಎಂದ. ಪಕ್ಕದ ಮಳಿಗೆಯ ಶಿಲ್ಪಿ ಪ್ರಮಿಲಾ ನಕ್ಕುಬಿಟ್ಟಳು: "ಬರದಾಂವ ಇವನೇ ನೋಡವ್ವ. ಹ್ವಾದ ವರ್ಷ ಚಾಕ್ಕ ಹೋದಾಂವ ಇನ್ನೂ ಕುಡಿಲಾಕತ್ಯಾನ!" ಕಲಾವಿದ ಎದುರಿಗಿದ್ದರೆ ಜನ ಖರೆ ಹೇಳುವುದಿಲ್ಲ ಎಂಬುದು ಪಾಲನ ವಾದ. ಬೈಯುವವರ ಜೊತೆ ಸೇರಿ ತಾನೂ ಬೈಯುತ್ತಿದ್ದ; ಯಾರಾದರೂ ಹೊಗಳಿದರೆ ಮಾತ್ರ ಕಿವಿ ಕೆಂಪಾಗಿ ಸಿಕ್ಕಿಬೀಳುತ್ತಿದ್ದ. ಅವನ ಚಿತ್ರಗಳಲ್ಲೆಲ್ಲ ಬಿಳಿ ಸೀರೆಯುಟ್ಟ ಒಬ್ಬಳೇ ಹೆಂಗಸು, ನೋಡುವವರಿಗೆ ಬೆನ್ನು ತಿರುಗಿಸಿ ನಡೆದುಹೋಗುತ್ತಿದ್ದಳು; ಮುಖ ಕಾಣುತ್ತಿರಲಿಲ್ಲ. "ಇವಂಗ ಮಾರಿ ಬರಿಲಾಕ ಬರಂಗಿಲ್ಲೇನು?" ಎಂದು ಯಾರಾದರೂ ಅಣಕಿಸಿದರೆ, "ಬರಂಗಿಲ್ಲರಿ" ಎಂದು ತಲೆಯಾಡಿಸುತ್ತಿದ್ದ. ಆ ಸಂಜೆ, ಸಾನಿಕಾ ಇನ್ನೂ ಅಲ್ಲೇ ಇದ್ದಾಗ, ಹಲಬರ್ಗಾದ ನಿವೃತ್ತ ನರ್ಸ್ ರೆಬೆಕ್ಕಾ ಅಲ್ಲಿಗೆ ಬಂದವರು ಚಿತ್ರದ ಮುಂದೆ ನಿಂತುಬಿಟ್ಟರು. "ಅಯ್ಯ, ಇಕಿ ನಮ್ಮ ದವಾಖಾನಿ ಎಡಿತ ಸಿಸ್ಟರ್! ಒಂದು ಭುಜ ಇಳಿಸಿ ಹಿಂಗೇ ನಡಿತಿದ್ಲು. ಸಣ್ಣ ಕೂಸಿನ್ನ ಬಿಟ್ಟು ತೀರಿಕೊಂಡ್ಲು, ಪಾಪ. ಯಾರಪ್ಪ ಇದನ್ನ ಬರದವ್ರು?" ಪಾಲ ಅವರ ಹತ್ತಿರ ಬಂದ. "ನಾನೇ ಬರದೀನ್ರಿ ಅಮ್ಮಾ. ಆ ಕೂಸೂ ನಾನೇ. ಅವ್ವ ಡ್ಯೂಟಿಗಿ ಹೋಗೂದಷ್ಟೇ ನೆಪ್ಪದ, ಮಾರಿ ನೆಪ್ಪಿಲ್ಲ. ಮನ್ಯಾಗ ಒಂದು ಫೋಟೋನೂ ಇಲ್ಲ. ಹ್ಯಾಂಗಿದ್ಲರಿ ಆಕಿ?" ಈಗ ಪಾಲ ಪ್ರತಿ ಭಾನುವಾರ ಚರ್ಚಿನ ಆರಾಧನೆ ಮುಗಿಸಿ ಹಲಬರ್ಗಾಕ್ಕೆ ಹೋಗುತ್ತಾನೆ, ರೆಬೆಕ್ಕಾ ಹೇಳಿದಂತೆ ಅವ್ವನ ಮೂಗು, ಗಲ್ಲ ಬರೆಯುತ್ತಾನೆ, ಅವರು ಅಲ್ಲವೆಂದರೆ ಅಳಿಸಿ ಮತ್ತೆ ಬರೆಯುತ್ತಾನೆ.