ಸೋಮಣ್ಣ ಮಾವನ ಮೂಗು

ಸೋಮಣ್ಣ ಮಾವ ವಿಸ್ಕಿ ಗ್ಲಾಸಿಗೆ ಬಾಯಿ ಇಡುವ ಮೊದಲು ಮೂಗು ಇಡುತ್ತಿದ್ದರು. ಕಣ್ಣು ಮುಚ್ಚಿ ಅಷ್ಟು ಹೊತ್ತು ಕೂತರೆಂದರೆ ಹೊಸಬರು ನಿದ್ದೆ ಹತ್ತಿತೇನೋ ಅಂದುಕೊಳ್ಳಬೇಕು. ಆಮೇಲೆ ಒಂದೊಂದೇ ಹಣ್ಣಿನ ಹೆಸರು ಹೇಳುವರು.

ನನ್ನ ಅಮ್ಮನ ತಮ್ಮ ಅವರು. ಹೆತ್ತೂರಿನ ಹತ್ತಿರ ಕಾಫಿ ತೋಟ. ಟಿವಿ ಗೋಡೆಗೆ ಹೋದಮೇಲೆ ಖಾಲಿಯಾದ ಶೋಕೇಸೇ ಅವರ ಬಾರು. ಮೇಲಿನ ಸಾಲಿನಲ್ಲಿ ಮಗಳು ಸ್ಕೂಲಿನಲ್ಲಿ ಗೆದ್ದ ಕಪ್ಪುಗಳು, ಕೆಳಗೆ ಬಾಟಲಿಗಳು. ಯಾರಾದರೂ ಗೆಳೆಯರು ದುಬಾರಿ ಸ್ಕಾಚ್ ತಂದರೆ, ಅದು ಹೊಗೆ ವಾಸನೆಯದಾದರೆ, ಮಾವ ಮುಲಾಜಿಲ್ಲದೆ ವಾಪಸ್ ಕೊಡುತ್ತಿದ್ದರು. "ಹೊಗೆ ಕುಡಿಯಾಕೆ ಅಷ್ಟು ದುಡ್ಡು ಕೊಡ್ಬೇಕಾ ಮಾರಾಯ? ಬಚ್ಚಲ ಒಲೆ ಮುಂದೆ ಕೂತ್ರೆ ಬಿಟ್ಟಿ ಸಿಗ್ತದೆ."

ಅವರಿಗೆ ಬೇಕಾದದ್ದು ಗಂಟಲು ಸುಡದ, ಹಣ್ಣಿನ ಪರಿಮಳದ ಒಂದೇ ಒಂದು ಸಿಂಗಲ್ ಮಾಲ್ಟ್ ವಿಸ್ಕಿ. ನನಗೆ ಮೊದಲ ಗುಟುಕು ಕೊಟ್ಟವರೂ ಅವರೇ. ಅತ್ತೆ ಗೊಣಗಿದರು, ಮಾವ ಕೇಳಿಸಿಕೊಳ್ಳಲಿಲ್ಲ. "ಕುಡಿಬೇಡ, ಮೊದ್ಲು ಮೂಸು ಕಣೇ." ಬಾಟಲಿಯ ಡಬ್ಬದ ಮೇಲೆ ಪೇರ್ ಹಣ್ಣಿನ ಪರಿಮಳ ಅಂತ ಬರೆದಿದೆ ಅಂದೆ. ಮಾವ ಒಪ್ಪಲಿಲ್ಲ. "ಬರ್ಕೊಳ್ಲಿ ಬುಡು. ಇದು ನಮ್ಮ ಹಿತ್ಲು ಸೀಬೆ. ನಾಳೆ ಉದುರ್ತದೆ ಅನ್ನಂಗಿರ್ತದಲ್ಲ, ಅದು." ಮತ್ತೆ ಮೂಸಿದೆ. ಸೀಬೆಯೇ ಆಗಿತ್ತು.

ಕೊರೊನಾ ಬಂದಾಗ ಮಾವನಿಗೆ ಜ್ವರ ಹೆಚ್ಚೇನೂ ಇರಲಿಲ್ಲ. ಎದ್ದು ಓಡಾಡಿದರು. ಆದರೆ ಒಂದು ಬೆಳಿಗ್ಗೆ ಅವರೆದುರೇ ಹಾಲು ಸೀದು ಪಾತ್ರೆ ಕರಕಲಾಯಿತು, ಅವರು ಪೇಪರ್ ಓದುತ್ತಲೇ ಇದ್ದರು. ಅತ್ತೆ ಕೂಗಿದಾಗ ಎದ್ದು ಹೋಗಿ ಶೋಕೇಸಿನ ಬಾಟಲಿಗಳನ್ನೆಲ್ಲ ಬಿಚ್ಚಿ ಮೂಸಿದರು. "ಎಲ್ಲಾ ನೀರಾಗ್ಬುಟ್ಟೈತೆ" ಅಂದರು.

ವಾಸನೆ ತಾನಾಗಿ ಬರುತ್ತದೆ ಅಂದರು ಸಕಲೇಶಪುರದ ಡಾಕ್ಟರು. ಮಾವ ಕಾದರು. ಕುಡಿಯುವುದು ಬಿಟ್ಟರು, ಮೂಸುವುದು ಬಿಡಲಿಲ್ಲ. ಶನಿವಾರ ಶನಿವಾರ ಸ್ವಲ್ಪ ಬಗ್ಗಿಸಿ, ಮೂಗಿಗೆ ಹಿಡಿದು, ಮತ್ತೆ ಬಾಟಲಿಗೇ ಸುರಿಯುವರು. ನೋಡಲು ನನಗೆ ಆಗುತ್ತಿರಲಿಲ್ಲ.

ಕೊನೆಯ ಸಲ ಹೋದಾಗ ಗ್ಲಾಸನ್ನು ನನ್ನ ಕಡೆ ತಳ್ಳಿದರು.

"ನೀನೇ ಹೇಳು."

"ಸೀಬೆ, ಮಾವ."

"ಎಷ್ಟು ಹಣ್ಣಾಗೈತೆ?"

"ನಾಳೆ ಉದುರುತ್ತೆ."

ತಲೆಯಾಡಿಸಿ, ಕಿಟಕಿಯ ಕಡೆ ತಿರುಗಿ ಕೂತರು. ಆಮೇಲೆ ಕಾಳುಮೆಣಸಿನ ರೇಟಿನ ಮಾತು ಬಂತು.

ಆ ಚಳಿಗಾಲದಲ್ಲಿ ಎದೆನೋವು ಬಂದು, ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ನನಗೆ ಅಳು ಬರಲಿಲ್ಲ. ಬಂದವರಿಗೆ ಕಾಫಿ ಕೊಟ್ಟೆ, ಲೋಟ ತೊಳೆದೆ, ಒರೆಸಿ ಜೋಡಿಸಿದೆ. ಒಳಗೆ ಏನೂ ಆಗುತ್ತಿರಲಿಲ್ಲ, ಈಗಲೂ ಅಷ್ಟೇ.

ಮಹಾಲಯ ಅಮಾವಾಸ್ಯೆಗೆ ಅವರ ಹೆಸರಿನಲ್ಲಿ ಮೊದಲ ಎಡೆ ಇಟ್ಟೆವು. ಸತ್ತವರಿಗೆ ಇಷ್ಟವಾದದ್ದೆಲ್ಲ ಬಡಿಸಿ, ಬಾಗಿಲು ಹಾಕಿ, ಮನೆಯವರು ಹೊರಗೆ ನಿಲ್ಲುವುದು ನಮ್ಮಲ್ಲಿ ರೂಢಿ. ಕಡುಬು, ಮಟನ್ ಸಾರಿನ ಪಕ್ಕ ಅತ್ತೆಯೇ ಆ ಮಾಲ್ಟ್ ಬಗ್ಗಿಸಿಟ್ಟರು. ಜಗುಲಿಯಲ್ಲಿ ನಿಂತಾಗ ಮಾವನ ಮಗಳು ಸುಮ್ಮನೆ ಕೇಳಿದಳು, ಅಪ್ಪ ನಿಜವಾಗಿ ಬಂದು ತಿಂತಾರಾ ಅಂತ. ಹಿರಿಯರು ತಿನ್ನಲ್ಲ, ಬರೀ ವಾಸನೆ ತಗೊಂಡು ಹೋಗ್ತಾರೆ ಅಂದೆ. ಚಿಕ್ಕಂದಿನಿಂದ ಕೇಳಿದ ಮಾತು, ಬಾಯಿಗೆ ಬಂತು.

ಅತ್ತೆ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು.

"ನಿಮ್ಮಾವಂಗೆ ವಾಸ್ನೆನೇ ಬರಲ್ವಲ್ಲೇ" ಅಂದರು. "ಅವ್ರೇನ್ ತಗೊಂಡೋಗ್ತಾರೆ?"