ಪೇಜರುಗಳ ಡಬ್ಬಿ

ಇವತ್ತು ಬೆಳಿಗ್ಗೆ ಚಟ್ನಿಪುಡಿ ತುಂಬಲೆಂದು ಅಟ್ಟದ ಸ್ಟೀಲಿನ ಡಬ್ಬಿ ಇಳಿಸಿದರೆ ಒಳಗೆ ಏನೋ ಗಡಗಡ ಅಂದಿತು. ನೋಡಿದರೆ ಒಂದು ಪೇಜರು. ಪೇಜರೆಂದರೇನು ಎಂದು ನಿಮ್ಮ ಮಕ್ಕಳು ಕೇಳಿದರೆ, ಕಿರುಚಿ ನಂಬರು ತೋರಿಸುವುದು ಬಿಟ್ಟು ಬೇರೇನೂ ಬಾರದ ಫೋನು ಅನ್ನಿ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಟೊರಾಂಟೊದ ಕಪ್ಪು ಜನಾಂಗದ ಸರ್ಜನ್ನರ ಪುಟ್ಟ ಸಂಘವೊಂದಕ್ಕೆ ಪಾರ್ಟ್‌ಟೈಮ್ ಸೆಕ್ರೆಟರಿ. ಸದಸ್ಯರನ್ನು ಸಭೆಗೆ ಕರೆತರುವುದು ನನ್ನ ಕೆಲಸ. ಕರೆದರೆ ಬರುತ್ತಿದ್ದರು, ಪಾಪ. ಆದರೆ ಅಧ್ಯಕ್ಷ ಡಾಕ್ಟರ್ ಕ್ಲಾರೆನ್ಸ್ ನಿಯಮಾವಳಿಯ ತಿದ್ದುಪಡಿ ಓದಲು ಕನ್ನಡಕ ಏರಿಸಿದೊಡನೆ ಸೊಂಟಸೊಂಟದಲ್ಲೂ ಪೇಜರು ಕಿರುಚುತ್ತಿತ್ತು. ಎಮರ್ಜೆನ್ಸಿ ಎಂದು ಗಂಭೀರವಾಗಿ ಎದ್ದು ಹೋದವರೆಲ್ಲ ಪಕ್ಕದ ಡೋನಟ್ ಅಂಗಡಿಯಲ್ಲಿ ಸಾಲಾಗಿ ಕೂತಿದ್ದನ್ನು ನಾನೇ ಕಂಡಿದ್ದೇನೆ.

ಹೀಗೆ ಎರಡು ಸಭೆ ಮುರಿದವು. ಕೊನೆಯವರೆಗೆ ಇಪ್ಪತ್ತು ಜನ ಕೂರದೆ ಮೂರನೆಯದೂ ಮುರಿದರೆ ಸಂಘ ಮುಚ್ಚಬೇಕೆಂಬುದು ನಿಯಮ. ಕಲಿಯುವ ಕಾಲದಲ್ಲಿ ತಮಗೆ ಕೇಳಲು ಹಿರಿಯರೊಬ್ಬರೂ ಇರಲಿಲ್ಲವೆಂದೇ ಕ್ಲಾರೆನ್ಸ್ ಈ ಸಂಘ ಕಟ್ಟಿದ್ದರು. ಅವರ ಸಪ್ಪೆ ಮುಖ ನೋಡಲಾರದೆ ಮೂರನೆಯ ಸಭೆಯನ್ನು ಥಾರ್ನ್‌ಹಿಲ್‌ನ ನಮ್ಮ ಮನೆಯ ಬೇಸ್‌ಮೆಂಟಿನಲ್ಲೇ ಇಟ್ಟುಕೊಂಡೆ.

ಧಾರವಾಡದ ನಮ್ಮತ್ತೆಗೆ ಇಂಗ್ಲಿಷ್ ಬಾರದು, ಸಂಕೋಚವೂ ಬಾರದು. ಬಾಗಿಲಲ್ಲೇ ಈ ಡಬ್ಬಿ ಹಿಡಿದು ಕೂತರು.

"ಎಲ್ಲಾರೂ ಇದರಾಗ ಹಾಕ್ರಿ. ಕೂಗಿದ್ರ ನಮ್ಮ ಸೊಸಿ ಫೋನ್ ಮಾಡಿ ಕೇಳ್ತಾಳ. ಖರೇನ ಯಾರದರೆ ಜೀವದ ಮಾತಿದ್ರ ಓಡ್ರಿ, ಇಲ್ಲಾಂದ್ರ ಕುಂಡ್ರಿ."

ನಾನು ಅನುವಾದಿಸುವ ಮೊದಲೇ ಇಪ್ಪತ್ತೆರಡು ಸರ್ಜನ್ನರು ಪೇಜರು ಬಿಚ್ಚಿಕೊಟ್ಟರು.

ಕನ್ನಡಕ ಏರಿತು. ಡಬ್ಬಿ ಸಾಸಿವೆಯಂತೆ ಸಿಡಿಯತೊಡಗಿತು. ಒಂದೊಂದೇ ನಂಬರಿಗೆ ಫೋನು ಹಚ್ಚಿದೆ. ಮೊದಲನೆಯದು ಒಬ್ಬರ ಹೆಂಡತಿ. ಎರಡನೆಯದು ಇನ್ನೊಬ್ಬರ ಹೆಂಡತಿ. ಮೂರನೆಯದು ನಿಜಕ್ಕೂ ಆಸ್ಪತ್ರೆ, ಅವರು ಓಡಿದರು. ನಾಲ್ಕನೆಯದಕ್ಕೆ ಮಿಸೆಸ್ ಕ್ಲಾರೆನ್ಸ್ ಎತ್ತಿಕೊಂಡು, ನಾಲ್ಕು ಗಂಟೆಗೆ ಪೇಜ್ ಮಾಡು ಅಂತ ಅವರೇ ಅಂದಿದ್ದರಲ್ಲ, ಆ ನಿಯಮಾವಳಿ ಅವರಿಗೂ ಸಹಿಸೋಕಾಗಲ್ಲವಂತೆ, ಎಂದರು. ಸ್ಪೀಕರ್ ಹಾಕಿದ್ದು ನನ್ನ ತಪ್ಪು.

ಬೇಸ್‌ಮೆಂಟಿಗೆ ಬೇಸ್‌ಮೆಂಟೇ ನಕ್ಕಿತು. ಕ್ಲಾರೆನ್ಸ್ ಕಾಗದ ಮಡಚಿ, ಆ ವರ್ಷವಷ್ಟೇ ಸೇರಿದ್ದ ತರುಣಿಯೊಬ್ಬಳ ಕಡೆ ತಿರುಗಿ, ನಿನಗೇನು ಕೇಳಬೇಕು ಅಂದರು. ಅವಳು ತಡವರಿಸಿದಳು.

"ಆಪರೇಷನ್ ಥಿಯೇಟರಿನಲ್ಲಿ ನನ್ನ ಕೈಗೆ ನೆಲ ಒರೆಸುವ ಮಾಪು ಕೊಟ್ಟರು. ಆಗ ಏನನ್ನಬೇಕಿತ್ತು?"

ಎಲ್ಲರೂ ಒಮ್ಮೆಗೇ ಮಾತಾಡಿದರು. ಪ್ರತಿಯೊಬ್ಬರ ಬಳಿಯೂ ಒಂದು ಮಾಪಿನ ಕಥೆಯಿತ್ತು. ಡಬ್ಬಿ ಕೂಗಿದರೆ ನಾನು ವಿಚಾರಿಸುತ್ತಿದ್ದೆ. ಉಳಿದವರು ಅತ್ತ ತಿರುಗಲೂ ಇಲ್ಲ. ಎಲ್ಲರೂ ಏಳುವ ಮುಂಚೆ ಅತ್ತೆ ಬೆರಳು ಮಡಿಚಿ ಎಣಿಸಿದರು: ಇಪ್ಪತ್ತೊಂದು. ಸಂಘ ಉಳಿಯಿತು. ಮುಂದಿನ ಸಭೆಗೂ ಅಲ್ಲೇ ಇರಲಿ ಎಂದು ಕ್ಲಾರೆನ್ಸ್ ತಮ್ಮ ಪೇಜರು ಡಬ್ಬಿಯಲ್ಲೇ ಬಿಟ್ಟುಹೋದರು, ಹೊಸದು ಕೊಂಡರಂತೆ.

ಇವತ್ತು ಆ ಪೇಜರು ಒರೆಸುತ್ತಿದ್ದಾಗ ಮಗಳು ಮೇಲಿನಿಂದ ಕೇಳಿದಳು. ಮಧ್ಯಾಹ್ನ ರಿಚ್ಮಂಡ್ ಹಿಲ್‌ನಲ್ಲಿ ನಮ್ಮ ಕನ್ನಡ ಸಂಘದ ವಾರ್ಷಿಕ ಸಭೆ.

"ಅಮ್ಮಾ, ಥ್ರೀ ಥರ್ಟಿಗೆ ಕಾಲ್ ಮಾಡು ಅಂದಿದ್ಯಲ್ಲಾ, ಸ್ಟಿಲ್ ಆನ್?"

ಬೇಡವೆಂದೆ. ಚಟ್ನಿಪುಡಿಗೆ ಬೇರೆ ಡಬ್ಬಿ ಹುಡುಕಬೇಕು. ಇದನ್ನು ಹಿಡಿದು ಬಾಗಿಲಲ್ಲಿ ಕೂರಲು ಅತ್ತೆ ಈಗಿಲ್ಲ. ಡಬ್ಬಿ ಹಿಡಿದು ನಾನೇ ಸಭೆಗೆ ಸ್ವಲ್ಪ ಬೇಗ ಹೊರಡುತ್ತೇನೆ.